ಕಾಣುವ ಕಣ್ಣಿನ ನೋವು



ಇವತ್ತಿನ ಮಾತು ಚೆನ್ನಾಗಿ ಕಾಣುವ ಕಣ್ಣುಗಳನ್ನು ಕುರಿತದ್ದು. ಚೆನ್ನಾಗಿ ಕಾಣುತ್ತಿದ್ದೂ ಬೆಳಗಿನಿಂದ ಸಂಜೆಯವರೆಗೆ ಉರಿಯುವ, ಚುರುಗುಟ್ಟುವ, ಬೆಳಕು ಕಂಡರೆ ತಾವಾಗಿ ಮುಚ್ಚಿಕೊಳ್ಳುವ ಕಣ್ಣುಗಳನ್ನು ಕುರಿತದ್ದು. ಕೊಪ್ಪಳದ ಕಚೇರಿಗಳಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಗುಮಾಸ್ತರು, ಗಂಗಾವತಿಯ ಬಾಡಿಗೆ ಕೋಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಮೊಬೈಲಿನಲ್ಲೇ ಓದುವ ಹುಡುಗ ಹುಡುಗಿಯರು, ಕುಷ್ಟಗಿಯ ಹಳ್ಳಿಗಳ ಅಂಗನವಾಡಿ ಕಾರ್ಯಕರ್ತೆಯರು, ಯಲಬುರ್ಗಾದ ಪಂಚಾಯಿತಿಗಳ ಡಾಟಾ ಎಂಟ್ರಿ ಆಪರೇಟರುಗಳು, ಇವರೆಲ್ಲ ಹೇಳಿಕೊಳ್ಳುವ ಸಂಕಟ ಹೆಚ್ಚುಕಡಿಮೆ ಒಂದೇ. "ಕಣ್ಣಾಗ ಉಸುಕು ಹೊಕ್ಕಂಗ ಆಗೇತ್ರಿ" ಅನ್ನುತ್ತಾರೆ ಒಬ್ಬರು. "ಸಂಜಿಮುಂದ ಲೈಟ್ ನೋಡಾಕ ಆಗವಲ್ದು, ತೆಲಿ ಸಿಡೀತೈತಿ" ಅನ್ನುತ್ತಾರೆ ಇನ್ನೊಬ್ಬರು. ಇದನ್ನು ಕೇಳಿದ ಮನೆಯವರು, "ಕಣ್ಣ ಕಾಣತಾವಲ್ಲ, ಮತ್ತೇನಾತು?" ಎಂದು ತಮ್ಮ ಕೆಲಸಕ್ಕೆ ಹೋಗುತ್ತಾರೆ.

ಮನೆಯವರ ಆ ಪ್ರಶ್ನೆಗೆ ಉತ್ತರ ಹೇಳಬೇಕೆಂದೇ ನಾನು ಬಂದಿದ್ದೇನೆ. ನಾನು ವೈದ್ಯನಲ್ಲ. ಪರದೆಯ ಮುಂದೆ ಕೂತು ಬರೆಯುವುದೇ ಕಸುಬಾಗಿ, ಈ ತೊಂದರೆಯೊಡನೆ ವರ್ಷಗಳಿಂದ ಬಾಳುತ್ತಿರುವವನು. ಕಣ್ಣಿನ ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಭಾಗದಲ್ಲಿ ಕಣ್ಣಿನ ಕಾಯಿಲೆ ಎಂದರೆ ಮೊದಲು ನೆನಪಾಗುವುದು ಪೊರೆ. ಅದಕ್ಕೆ ಕಾರಣವೂ ಇದೆ. ನಮ್ಮ ನೆರೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹಾಕಿ, ಆರು ಲಕ್ಷಕ್ಕೂ ಹೆಚ್ಚು ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿದ ಪುಣ್ಯಾತ್ಮರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರಿಗೆ ಬಂದವು. 1976ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುಮಾಡಿತು. ಇಂಥ ಪ್ರಯತ್ನಗಳಿಂದ ಎಷ್ಟೋ ಅಜ್ಜ ಅಜ್ಜಿಯರು ಮತ್ತೆ ಮೊಮ್ಮಕ್ಕಳ ಮುಖ ಕಂಡರು. ಆದರೆ ಅದೇ ಅಭ್ಯಾಸದಲ್ಲಿ ಕಣ್ಣಿಗೆ ನಾವು ಕೇಳುವ ಪ್ರಶ್ನೆಯೂ ಒಂದೇ ಆಗಿಬಿಟ್ಟಿತು: ಕಾಣುತ್ತದೆಯೋ ಇಲ್ಲವೋ? ಆರು ಮೀಟರ್ ದೂರದ ಫಲಕದ ಸಣ್ಣ ಅಕ್ಷರ ಓದಿದವರಿಗೆ ಕಣ್ಣು ಸರಿಯಿದೆ ಎಂದು ಬರೆದು ಕಳಿಸುತ್ತೇವೆ. ಆ ಫಲಕ ಅಳೆಯುವುದು ಆ ಕ್ಷಣದ ದೃಷ್ಟಿಯನ್ನು. ಅದೇ ಕಣ್ಣು ಮಧ್ಯಾಹ್ನ ನಾಲ್ಕು ಗಂಟೆಗೆ ಎಷ್ಟು ಒಣಗಿರುತ್ತದೆ, ಬೆಳಕನ್ನು ಎಷ್ಟು ತಾಳುತ್ತದೆ ಎಂಬುದನ್ನು ಅದು ಹೇಳಲಾರದು. ದೃಷ್ಟಿ ಬೇರೆ, ಕಣ್ಣಿನ ನೆಮ್ಮದಿ ಬೇರೆ. ಎರಡನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು.

ಕಣ್ಣು ಸವೆಸುವ ಕೆಲಸ ನಮ್ಮ ಕೊಪ್ಪಳ ಜಿಲ್ಲೆಗೆ ಹೊಸದೇನಲ್ಲ. ಕಿನ್ನಾಳದ ಚಿತ್ರಗಾರರು ಮರದ ಗೊಂಬೆಯ ಮೇಲೆ ಎಳೆಯುವ ಸಣ್ಣ ಗೆರೆ, ದೋಟಿಹಾಳ ಹನುಮಸಾಗರದ ಮಗ್ಗಗಳಲ್ಲಿ ಕಡಿದ ಎಳೆ ಹುಡುಕುವ ಕಣ್ಣು, ಭಾಗ್ಯನಗರದಲ್ಲಿ ಗಂಟುಬಿದ್ದ ಕೂದಲನ್ನು ಎಳೆ ಎಳೆಯಾಗಿ ಬಿಡಿಸುವ ಹೆಣ್ಣುಮಕ್ಕಳ ದುಡಿಮೆ, ಎಲ್ಲವೂ ಹತ್ತಿರದ ನೋಟದ ಕೆಲಸಗಳೇ. ಇಟಲಿಯ ವೈದ್ಯ ಬರ್ನಾರ್ದಿನೊ ರಾಮಾಜ್ಜಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳನ್ನು ಕುರಿತು ಪುಸ್ತಕ ಬರೆದಾಗ, ಸೂಕ್ಷ್ಮ ಕೆಲಸ ಮಾಡುವವರ ಕಣ್ಣುಬೇನೆಗೆ ಒಂದು ಅಧ್ಯಾಯವನ್ನೇ ಕೊಟ್ಟ. ಆಗಾಗ ಕೆಲಸ ಬಿಟ್ಟು ಕಣ್ಣನ್ನು ಬೇರೆಡೆಗೆ ಹೊರಳಿಸಿ ಎಂದು ಹೇಳಿದ. ಮುನ್ನೂರು ವರ್ಷಗಳ ಹಿಂದಿನ ಈ ಬುದ್ಧಿಮಾತು ಇಂದಿಗೂ ಹಳತಾಗಿಲ್ಲ. ವ್ಯತ್ಯಾಸ ಇಷ್ಟೇ: ಅಂದು ಕೆಲವು ಕಸುಬಿನವರಿಗೆ ಮಾತ್ರ ಇದ್ದ ತೊಂದರೆ ಇಂದು ಮೊಬೈಲ್ ಹಿಡಿದ ಪ್ರತಿ ಮನೆಗೂ ಬಂದಿದೆ. ಚಿತ್ರಗಾರರು ಬಣ್ಣ ಕಲಸಲಿಕ್ಕೆ, ನೇಕಾರರು ಲಾಳಿ ಬದಲಿಸಲಿಕ್ಕೆ ತಲೆ ಎತ್ತಲೇಬೇಕು. ಮೊಬೈಲ್ ಮಾತ್ರ ಒಂದರ ಹಿಂದೆ ಒಂದು ಚಿತ್ರ ತಂದೊಡ್ಡುತ್ತ ತಲೆ ಎತ್ತಲು ಬಿಡುವುದಿಲ್ಲ.

ಹಾಗಾದರೆ ಪರದೆ ನೋಡುವಾಗ ಕಣ್ಣಿನಲ್ಲಿ ಏನಾಗುತ್ತದೆ?

ಮೊದಲನೆಯದು, ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ. ಮಾತಾಡುತ್ತ ಕೂತಾಗ ನಾವು ನಿಮಿಷಕ್ಕೆ ಸುಮಾರು 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ಪರದೆಯಲ್ಲಿ ಮನಸ್ಸು ನೆಟ್ಟಾಗ ಅದು ಅರ್ಧಕ್ಕೆ, ಕೆಲವರಲ್ಲಿ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬಡಿದರೂ ಎಷ್ಟೋ ಸಲ ಅರ್ಧ ಮುಚ್ಚಿ ತೆರೆಯುತ್ತೇವೆ, ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟುವುದೇ ಇಲ್ಲ. ಕಣ್ಣಿನ ಮೇಲೆ ಹರಡಿರುವ ಕಣ್ಣೀರಿನ ಪದರ ಕೂದಲೆಳೆಯ ದಪ್ಪದ ಇಪ್ಪತ್ತನೇ ಒಂದು ಪಾಲಿನಷ್ಟೂ ಇರಲಾರದು. ಅದರಲ್ಲೇ ತಳಕ್ಕೆ ಲೋಳೆ, ನಡುವೆ ನೀರು, ಮೇಲೆ ಎಣ್ಣೆ. ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಸಣ್ಣ ಗ್ರಂಥಿಗಳು ಈ ಎಣ್ಣೆಯನ್ನು ಸುರಿಸುತ್ತವೆ. ಎಣ್ಣೆ ಸಾಲದಿದ್ದರೆ ನೀರು ಬೇಗ ಆರುತ್ತದೆ. ಗಂಗಾವತಿ ಕಡೆ ಭತ್ತದ ಗದ್ದೆಯನ್ನು ನಾಟಿಗೆ ಅಣಿ ಮಾಡುವುದನ್ನು ನೆನೆಯಿರಿ. ಕೆಸರಿನ ಮೇಲೆ ಹಲಗೆ ಹೊಡೆದು ಸಮ ಮಾಡಿದರೆ ನೀರು ಎಲ್ಲೆಡೆ ತೆಳ್ಳಗೆ ನಿಲ್ಲುತ್ತದೆ. ಹಲಗೆ ಹೊಡೆಯದಿದ್ದರೆ ಒಂದು ಕಡೆ ಮಡುಗಟ್ಟಿ ಇನ್ನೊಂದು ಕಡೆ ದಿಬ್ಬ ಒಣಗುತ್ತದೆ. ಕಣ್ಣಿಗೆ ರೆಪ್ಪೆಯೇ ಆ ಹಲಗೆ. "ಕಣ್ಣು ಒಣಗೇತಿ ಅಂತೀರಿ, ಹಂಗಾರ ನೀರ್ಯಾಕ ಸೋರತಾವ?" ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ. ಒಣಗಿದ ಜಾಗ ಉರಿದಾಗ ಮಿದುಳು ಗಾಬರಿಯಾಗಿ ಬರೀ ನೀರನ್ನು ಹರಿಸುತ್ತದೆ. ಎಣ್ಣೆ ಇಲ್ಲದ ಆ ನೀರು ನಿಲ್ಲದೆ ಕೆನ್ನೆಗೆ ಇಳಿಯುತ್ತದೆ.

ಎರಡನೆಯದು, ಹತ್ತಿರದ ನೋಟದ ದಣಿವು. ದೂರ ನೋಡುವಾಗ ಕಣ್ಣಿನೊಳಗಿನ ಸ್ನಾಯು ಸಡಿಲವಾಗಿರುತ್ತದೆ. ಹತ್ತಿರ ನೋಡುವಾಗ ಅದು ಬಿಗಿದು ಕಣ್ಣಿನ ಮಸೂರವನ್ನು ಉಬ್ಬಿಸಬೇಕು, ಎರಡೂ ಕಣ್ಣು ಒಳಕ್ಕೆ ತಿರುಗಬೇಕು. 40 ಸೆಂಟಿಮೀಟರ್ ದೂರದಲ್ಲಿ ಪುಸ್ತಕ ಹಿಡಿದರೆ ಬೇಕಾಗುವ ಶಕ್ತಿಯ ಎರಡರಷ್ಟು ಶಕ್ತಿ, ಹಾಸಿಗೆಯಲ್ಲಿ ಮಲಗಿ 20 ಸೆಂಟಿಮೀಟರ್ ದೂರದಲ್ಲಿ ಮೊಬೈಲ್ ಹಿಡಿದಾಗ ಬೇಕು. ನಲವತ್ತು ದಾಟಿದವರಿಗೆ ಮಸೂರವೇ ಬಿರುಸಾಗಿ ಚಾಳೀಸು ಬಂದಿರುತ್ತದೆ. ಕನ್ನಡಕ ಹಾಕಿಕೊಳ್ಳಲು ಸಂಕೋಚಪಟ್ಟು ವರ್ಷಗಟ್ಟಲೆ ಹಣೆ ಸುಕ್ಕು ಮಾಡಿಕೊಂಡು ಓದುವವರು ನಮ್ಮಲ್ಲಿ ಕಡಿಮೆಯಿಲ್ಲ. ಅವರ ತಲೆನೋವಿನ ಮೂಲ ಎಷ್ಟೋ ಸಲ ಅಲ್ಲಿದೆ.

ಮೂರನೆಯದು ನಮ್ಮ ಹವೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಒಣ ಬಿಸಿಲು, ಎರೆಹೊಲದ ಧೂಳು, ಬಂಡೆಗಲ್ಲಿನ ಕಾವು, ಒಳಗೆ ಬಂದರೆ ಮುಖಕ್ಕೆ ನೇರವಾಗಿ ಬೀಸುವ ಫ್ಯಾನು. ಒದ್ದೆ ಬಟ್ಟೆಯನ್ನೇ ಬೇಗ ಒಣಗಿಸುವ ಈ ಗಾಳಿ ಕಣ್ಣೀರನ್ನು ಬಿಡುತ್ತದೆಯೇ? ಇದರ ಮೇಲೆ ಈಗ ಬಿಸಿಲಲ್ಲೇ ಮೊಬೈಲ್ ನೋಡುವ ಕೆಲಸವೂ ಸೇರಿದೆ. ಅಂಗನವಾಡಿ ಕಾರ್ಯಕರ್ತೆಯರಿಗೆ 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. ಉದ್ಯೋಗ ಖಾತ್ರಿ ಕಾಮಗಾರಿಗಳಲ್ಲಿ 2023ರ ಜನವರಿ 1ರಿಂದ ಮೊಬೈಲಿನಲ್ಲೇ ಹಾಜರಿ ಕಡ್ಡಾಯವಾಗಿ, ಕೂಲಿಕಾರರ ಗುಂಪು ನೋಡಿಕೊಳ್ಳುವ ಕಾಯಕ ಬಂಧುಗಳು ಕೆರೆ ಹೂಳೆತ್ತುವ ಜಾಗದಲ್ಲಿ ನಿಂತು ಫೋಟೊ ತೆಗೆದು ಏರಿಸಬೇಕಾಯಿತು. ಬೆಳೆ ಸಮೀಕ್ಷೆಗೆ ರೈತರ ಮಕ್ಕಳು ಹೊಲದಲ್ಲೇ ಆ್ಯಪ್ ತೆರೆಯುತ್ತಾರೆ. 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಶಿಕ್ಷಕರು ಮನೆಮನೆಯ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಉತ್ತರ ತುಂಬಿದರು. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಇರುತ್ತದೆ. ಲಕ್ಸ್ ಎಂದರೆ ಬೆಳಕಿನ ಅಳತೆ. ಒಳ್ಳೆಯ ಬೆಳಕಿನ ಕಚೇರಿಯಲ್ಲಿ ಅದು 300ರಿಂದ 500. ಅಂಥ ಬಿಸಿಲಲ್ಲಿ ಮೊಬೈಲ್ ಮಂಕಾಗಿ ಕಾಣುತ್ತದೆ. ನಾವು ಬ್ರೈಟ್‌ನೆಸ್ ಪೂರ್ತಿ ಏರಿಸಿ, ಕಣ್ಣು ಕಿರಿದು ಮಾಡಿ ನೋಡುತ್ತೇವೆ. ಆಮೇಲೆ ಅರೆಗತ್ತಲ ಕೋಣೆಗೆ ಬಂದು ಅದೇ ಬ್ರೈಟ್‌ನೆಸ್‌ನಲ್ಲಿ ಕೆಲಸ ಮುಂದುವರಿಸುತ್ತೇವೆ.

ಇನ್ನು ಬೆಳಕು ತಾಳಲಾರದ ತೊಂದರೆಗೆ ಬರೋಣ. ಜನ ಅತಿ ಹೆಚ್ಚು ತಪ್ಪು ತಿಳಿದಿರುವುದು ಇದನ್ನೇ. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ಕಾರ್ನಿಯಾ, ನಮ್ಮ ಮೈಯಲ್ಲೇ ಅತಿ ದಟ್ಟವಾಗಿ ನೋವಿನ ನರಗಳಿರುವ ಜಾಗ. ಕಣ್ಣೀರು ಆರಿದಾಗ ಈ ನರಗಳು ಬಯಲಾಗಿ ಕೆರಳುತ್ತವೆ. ಅರೆತಲೆನೋವು, ಅಂದರೆ ಮೈಗ್ರೇನ್, ಬರುವುದೂ ಇದೇ ನರದ ಜಾಲದ ಮೂಲಕ. ಆದ್ದರಿಂದ ಒಣಗಣ್ಣು ಅರೆತಲೆನೋವನ್ನು ಎಬ್ಬಿಸಬಹುದು, ಅರೆತಲೆನೋವು ಕಣ್ಣನ್ನು ಕೆರಳಿಸಬಹುದು. ಅಮೆರಿಕದ ಬೋಸ್ಟನ್ನಿನ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನೆಯಬೇಕಾದದ್ದು. ಅರೆತಲೆನೋವು ಇದ್ದ ಅಂಧರನ್ನು ಅವರು ಪರೀಕ್ಷಿಸಿದರು. ರೂಪ ಕಾಣದಿದ್ದರೂ ಬೆಳಕಿನ ಅರಿವು ಉಳಿದಿದ್ದವರಿಗೆ ಬೆಳಕಿನಿಂದ ನೋವು ಹೆಚ್ಚಿತು. ಕಣ್ಣುಗಳನ್ನೇ ಕಳೆದುಕೊಂಡವರಿಗೆ, ಕಣ್ಣಿನ ನರ ಪೂರ್ತಿ ಹಾಳಾದವರಿಗೆ ಹಾಗೆ ಆಗಲಿಲ್ಲ. ನೋಡಲಿಕ್ಕೆ ಇರುವ ಕೋಶಗಳಲ್ಲದೆ, ಹಗಲು ರಾತ್ರಿಯ ಅಳತೆ ಇಡುವ ಬೇರೆ ಕೋಶಗಳು ಕಣ್ಣಿನಲ್ಲಿವೆ. ಬೆಳಕಿನ ಸಂಕೇತವನ್ನು ಅವು ಮಿದುಳಿನ ನೋವಿನ ದಾರಿಗೂ ಮುಟ್ಟಿಸುತ್ತವೆ. ಅಂದರೆ ಬೆಳಕು ಚುಚ್ಚುತ್ತದೆ ಎನ್ನುವವರು ನೆಪ ಹೇಳುತ್ತಿಲ್ಲ, ಸೋಮಾರಿತನ ತೋರುತ್ತಿಲ್ಲ. ಅವರ ನರಗಳಲ್ಲಿ ನಡೆಯುತ್ತಿರುವುದನ್ನೇ ಹೇಳುತ್ತಿದ್ದಾರೆ.

ಹೀಗೆ ನೊಂದವರು ಮೊದಲು ಮಾಡುವುದು ಕಿಟಕಿ ಮುಚ್ಚಿ ಕತ್ತಲಲ್ಲಿ ಕೂರುವುದು, ಮನೆಯೊಳಗೂ ಕಪ್ಪು ಕನ್ನಡಕ ಹಾಕುವುದು. ನೋವು ಜೋರಾದಾಗ ಸ್ವಲ್ಪ ಹೊತ್ತು ಕತ್ತಲು ಹಿತವೇ. ಆದರೆ ದಿನಗಟ್ಟಲೆ ಹಾಗೆ ಕೂತರೆ ಕಣ್ಣು ಕತ್ತಲಿಗೇ ಒಗ್ಗಿಕೊಳ್ಳುತ್ತದೆ. ಸಿನಿಮಾ ಮಂದಿರದಿಂದ ಮ್ಯಾಟಿನಿ ಮುಗಿಸಿ ಬಿಸಿಲಿಗೆ ಬಂದಾಗ ಕಣ್ಣು ಕುಕ್ಕುವುದು ಎಲ್ಲರಿಗೂ ಗೊತ್ತು. ಇಪ್ಪತ್ತು ಮೂವತ್ತು ನಿಮಿಷದ ಕತ್ತಲು ಸಾಕು, ಕಣ್ಣಿನ ಗ್ರಹಣಶಕ್ತಿ ಸಾವಿರಾರು ಪಟ್ಟು ಏರಲು. ದಿನವಿಡೀ ಕತ್ತಲಲ್ಲಿದ್ದವರಿಗೆ ಆಮೇಲೆ ಸಾದಾ ಟ್ಯೂಬ್‌ಲೈಟೂ ಬಾಣವಾಗುತ್ತದೆ. ನಾನು ಇವತ್ತು ಒತ್ತಿ ಹೇಳಬೇಕಾದ ಮಾತು ಇದೇ: ಕತ್ತಲಿಗೆ ಓಡಬೇಡಿ, ಬೆಳಕನ್ನು ಹದ ಮಾಡಿಕೊಳ್ಳಿ. ಕಪ್ಪು ಕನ್ನಡಕ ಹೊರಗಿನ ಬಿಸಿಲಿಗೆ ಇರಲಿ. ಮನೆಯೊಳಗೆ ಅದನ್ನು ತೆಗೆಯಿರಿ. ಈಗಾಗಲೇ ಅಭ್ಯಾಸವಾಗಿದ್ದರೆ ಒಮ್ಮೆಲೇ ಬಿಡದೆ ದಿನದಿಂದ ದಿನಕ್ಕೆ ಕಡಿಮೆ ಮಾಡಿ. ಅರೆತಲೆನೋವಿನವರಿಗೆ ಎಫ್‌ಎಲ್-41 ಎಂಬ ತಿಳಿಗುಲಾಬಿ ಛಾಯೆಯ ಗಾಜು ಕೆಲವರಲ್ಲಿ ಹಿತ ಕೊಟ್ಟಿದೆ. ವೈದ್ಯರನ್ನು ಕೇಳಿ ಅದನ್ನು ಯೋಚಿಸಬಹುದು.

ಈಗ ಮಾಡಬೇಕಾದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಒಮ್ಮೆ ಸರಿಯಾದ ಪರೀಕ್ಷೆ. ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿಗಳನ್ನು ಕಾಣಿ. 2015ರಲ್ಲಿ ಶುರುವಾದ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ ಈಗ ಜಿಲ್ಲೆಯಲ್ಲೇ ಇದೆ. ಹೋದಾಗ "ಕಣ್ಣು ಸರಿ ಕಾಣುವುದಿಲ್ಲ" ಎಂದಷ್ಟೇ ಹೇಳಬೇಡಿ. ದಿನಕ್ಕೆ ಎಷ್ಟು ಗಂಟೆ ಪರದೆ ನೋಡುತ್ತೀರಿ, ಉರಿ ಬೆಳಗ್ಗೆ ಹೆಚ್ಚೋ ಸಂಜೆ ಹೆಚ್ಚೋ, ಬೆಳಕಿಗೆ ತಲೆನೋವು ಬರುತ್ತದೆಯೇ, ಯಾವ ಮಾತ್ರೆ ನುಂಗುತ್ತಿದ್ದೀರಿ, ಎಲ್ಲವನ್ನೂ ಹೇಳಿ. ನೆಗಡಿ, ಅಲರ್ಜಿಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳೂ ಕಣ್ಣನ್ನು ಒಣಗಿಸುತ್ತವೆ. ದೂರದ ನಂಬರಿನ ಜೊತೆಗೆ ಹತ್ತಿರದ ನಂಬರೂ ನೋಡಲಿ. ಕೆಳರೆಪ್ಪೆಯಲ್ಲಿ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷದಲ್ಲಿ ಎಷ್ಟು ಒದ್ದೆಯಾಯಿತು ಎಂದು ಅಳೆಯುವ ಪರೀಕ್ಷೆಯಿದೆ. ಹಳದಿ ಬಣ್ಣ ಹಾಕಿ, ಕಣ್ಣೀರಿನ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಎಂದು ನೋಡುವ ಪರೀಕ್ಷೆಯಿದೆ. ಹತ್ತು ಸೆಕೆಂಡಿನೊಳಗೆ ಒಡೆದರೆ ಪದರ ನಿಲ್ಲುತ್ತಿಲ್ಲ ಎಂದು ತಿಳಿಯುತ್ತಾರೆ. ನಿಮ್ಮ ನೋವಿಗೆ ಹೀಗೆ ಒಂದು ಅಳತೆ ಸಿಕ್ಕರೆ ಮುಂದಿನ ದಾರಿ ಸುಲಭವಾಗುತ್ತದೆ.

ಎರಡನೆಯದು ದೂರದ ನೋಟ. ಅಮೆರಿಕದ ಕ್ಯಾಲಿಫೋರ್ನಿಯಾದ ನೇತ್ರತಜ್ಞ ಜೆಫ್ರಿ ಆ್ಯನ್ಶೆಲ್ 1990ರ ದಶಕದಲ್ಲಿ ಹೇಳಿದ ಸೂತ್ರ ಈಗ ಜಗತ್ತಿಗೇ ಗೊತ್ತು: 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡ್ ನೋಡಿ. ಈ ಇಪ್ಪತ್ತರ ಲೆಕ್ಕ ನೆನಪಿಗೆ ಅನುಕೂಲ, ಅಷ್ಟೇ. ಮುಖ್ಯವಾದದ್ದು ಆಗಾಗ ತಲೆ ಎತ್ತುವುದು. ಇದಕ್ಕೆ ನಮ್ಮ ಜಿಲ್ಲೆಯಷ್ಟು ಒಳ್ಳೆಯ ಜಾಗ ಇನ್ನೆಲ್ಲಿದೆ? ಕೊಪ್ಪಳದಲ್ಲಿ ಮಾಳಿಗೆ ಹತ್ತಿದರೆ ಕೋಟೆಯ ಗುಡ್ಡ. ಗಂಗಾವತಿಯಿಂದ ಆನೆಗೊಂದಿ ಕಡೆಗೆ ನೋಡಿದರೆ ಬಂಡೆಗಳ ಬೆಟ್ಟಸಾಲು. ಕುಷ್ಟಗಿ, ಯಲಬುರ್ಗಾದಲ್ಲಿ ಕಣ್ಣು ಹಾಯಿಸಿದಷ್ಟೂ ಬಯಲು. ನಗರದವರಿಗೆ ದುಡ್ಡು ಕೊಟ್ಟರೂ ಸಿಗದ ದೂರ ನಮ್ಮ ಬಾಗಿಲಲ್ಲೇ ಇದೆ. ಬಾಗಿಲಿಗೆ ಬಂದು ನಿಂತು, ಅಲ್ಲಿ ಹತ್ತು ಸಲ ರೆಪ್ಪೆಯನ್ನು ಪೂರ್ತಿ ಮುಚ್ಚಿ, ಒಂದು ಕ್ಷಣ ತಡೆದು, ತೆರೆಯಿರಿ.

ಮೂರನೆಯದು ಬಿಸಿ ಕಾವು. ಶುಭ್ರವಾದ ಬಟ್ಟೆಯನ್ನು ಉಗುರುಬೆಚ್ಚಗಿಂತ ಕೊಂಚ ಬಿಸಿ ನೀರಲ್ಲಿ ಅದ್ದಿ ಹಿಂಡಿ, ಕೈಗೆ ತಾಳುವಷ್ಟಿದೆಯೇ ನೋಡಿ, ಮುಚ್ಚಿದ ರೆಪ್ಪೆಯ ಮೇಲೆ ಐದರಿಂದ ಹತ್ತು ನಿಮಿಷ ಇಡಿ. ಬಟ್ಟೆ ಆರಿದರೆ ಮತ್ತೆ ಅದ್ದಿ. ಆಮೇಲೆ ಬೆರಳ ತುದಿಯಿಂದ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಮೆಲ್ಲಗೆ ಸವರಿ. ಗಟ್ಟಿಯಾಗಿ ನಿಂತ ಎಣ್ಣೆ ಕರಗಿ ಹರಿಯುತ್ತದೆ. ಒಂದು ದಿನ ಮಾಡಿ ಬಿಟ್ಟರೆ ಫಲವಿಲ್ಲ. ದಿನವೂ, ವಾರಗಟ್ಟಲೆ ಮಾಡಬೇಕು. ನನಗೆ ಅತಿ ಹೆಚ್ಚು ಹಿತ ಕೊಟ್ಟದ್ದು ದುಡ್ಡು ಬೇಡದ ಈ ಉಪಾಯವೇ.

ನಾಲ್ಕನೆಯದು ಕೂರುವ ರೀತಿ. ಕಂಪ್ಯೂಟರಿನ ಪರದೆ ಒಂದು ತೋಳಿನಷ್ಟು ದೂರ ಇರಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ ಇರಲಿ. ನೋಟ ಕೊಂಚ ಕೆಳಗಿದ್ದರೆ ರೆಪ್ಪೆ ಅಷ್ಟು ಅಗಲವಾಗಿ ತೆರೆಯುವುದಿಲ್ಲ, ಕಣ್ಣೀರು ಆರುವುದೂ ಕಡಿಮೆ. ಕಿಟಕಿ ಬೆನ್ನಿಗೂ ಬೇಡ, ಮುಖಕ್ಕೂ ಬೇಡ, ಪಕ್ಕಕ್ಕಿರಲಿ. ಫ್ಯಾನು, ಕೂಲರಿನ ಗಾಳಿ ಮುಖಕ್ಕೆ ನೇರವಾಗಿ ಬಡಿಯದಂತೆ ಕುರ್ಚಿ ಸರಿಸಿ. ಪರದೆಯ ಬೆಳಕು ಕೋಣೆಯ ಬೆಳಕಿಗೆ ಹೊಂದಿರಲಿ. ಬಿಳಿ ಹಾಳೆಯನ್ನು ಪರದೆಯ ಪಕ್ಕ ಹಿಡಿದು ನೋಡಿ: ಪರದೆ ದೀಪದಂತೆ ಹೊಳೆದರೆ ಅತಿಯಾಯಿತು, ಹಾಳೆಗಿಂತ ಮಂಕಾದರೆ ಸಾಲದು. ಅಕ್ಷರ ದೊಡ್ಡದು ಮಾಡಿಕೊಳ್ಳಿ. ಬಿಸಿಲಲ್ಲಿ ಆ್ಯಪ್ ತುಂಬಲೇಬೇಕಾದಾಗ ಮರದ ನೆರಳೋ, ಶಾಲೆಯ ವರಾಂಡವೋ ಹುಡುಕಿ. ಅದೂ ಇಲ್ಲದಿದ್ದರೆ ಸೂರ್ಯನಿಗೆ ಬೆನ್ನು ಮಾಡಿ, ಛತ್ರಿಯನ್ನೋ ಸೆರಗನ್ನೋ ಟವೆಲನ್ನೋ ತಲೆಯ ಮೇಲಿಂದ ಮೊಬೈಲಿನವರೆಗೆ ಇಳಿಬಿಟ್ಟುಕೊಳ್ಳಿ.

ಐದನೆಯದು ದೀಪ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಕಣ್ಣಿಗೆ ತಿಳಿಯದಿದ್ದರೂ ನರಗಳಿಗೆ ತಿಳಿಯುತ್ತದೆ. ಇಂಗ್ಲೆಂಡಿನ ಕಚೇರಿಯೊಂದರಲ್ಲಿ ಮಿನುಗದ ದೀಪ ಹಾಕಿದಾಗ ತಲೆನೋವು, ಕಣ್ಣುದಣಿವು ಸರಾಸರಿಯಲ್ಲಿ ಅರ್ಧಕ್ಕಿಂತಲೂ ಕೆಳಗಿಳಿದವೆಂದು 1989ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮಿನುಗುವ ದೀಪ ಬದಲಿಸಿ. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲೂ ಮಿನುಗುವವು ಇವೆ. ಮೊಬೈಲ್ ಕ್ಯಾಮೆರಾದಲ್ಲಿ ನೋಡಿದಾಗ ಪಟ್ಟೆಪಟ್ಟೆಯಾಗಿ ಓಡಿದರೆ ಆ ಬಲ್ಬು ನಿಮ್ಮ ಓದುಮೇಜಿಗೆ ಬೇಡ.

ಆರನೆಯದು, ಕಣ್ಣಿನ ಕೆಲಸವನ್ನು ಕಿವಿಗೆ ಹಂಚಿ. ಸುದ್ದಿಯನ್ನು ಬಾನುಲಿಯಲ್ಲಿ ಕೇಳಬಹುದು. ಪಾಠವನ್ನು ಕಣ್ಣು ಮುಚ್ಚಿ ಕೇಳಬಹುದು. ಉದ್ದದ ಸಂದೇಶ ಟೈಪ್ ಮಾಡುವ ಬದಲು ಕನ್ನಡದಲ್ಲೇ ಮಾತಾಡಿ ಬರೆಯಿಸಬಹುದು. ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಈಗಿನ ಮೊಬೈಲುಗಳಲ್ಲಿದೆ. ಪರೀಕ್ಷೆಗೆ ಓದುವ ಮಕ್ಕಳಿಗೆ ನನ್ನ ವಿನಂತಿ: ಮುದ್ರಿತ ಪುಸ್ತಕ ಸಿಗುವ ವಿಷಯವನ್ನು ಮೊಬೈಲಿನಲ್ಲಿ ಓದಬೇಡಿ. ಗ್ರಂಥಾಲಯಕ್ಕೆ ಹೋಗಿ.

ಮಾಡಬಾರದವೂ ಕೆಲವಿವೆ. ನೀಲಿ ಬೆಳಕು ತಡೆಯುವ ಕನ್ನಡಕವೆಂದು ಹೆಚ್ಚು ದುಡ್ಡು ಕೇಳಿದರೆ ಕೊಡಬೇಕಾಗಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2023ರಲ್ಲಿ 17 ಪ್ರಯೋಗಗಳನ್ನು ಒಟ್ಟಿಗೆ ತೂಗಿ, ಸಾದಾ ಗಾಜಿಗಿಂತ ಇದು ಕಣ್ಣುದಣಿವನ್ನು ಕಡಿಮೆ ಮಾಡದಿರಬಹುದು ಎಂದು ಹೇಳಿದೆ. ಕಣ್ಣಿಗೆ ಹರಳೆಣ್ಣೆ, ಜೇನು, ಎದೆಹಾಲು ಬಿಡಬೇಡಿ. ಕೃತಕ ಕಣ್ಣೀರಿನ ಹನಿ ಒಳ್ಳೆಯದು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾಗುವವರು ಸಂರಕ್ಷಕ ರಾಸಾಯನಿಕ ಇಲ್ಲದ ಹನಿಯನ್ನು ಕೇಳಿ ಪಡೆಯಲಿ. ಆದರೆ ಮೆಡಿಕಲ್ ಅಂಗಡಿಯಲ್ಲಿ "ಕಣ್ಣು ಕೆಂಪಾಗೇತಿ, ಒಂದ್ ಡ್ರಾಪ್ಸ್ ಕೊಡ್ರಿ" ಎಂದು ತಂದು ಹಾಕುವುದು ಅಪಾಯ. ಅಂಥ ಹನಿಗಳಲ್ಲಿ ಸ್ಟೀರಾಯ್ಡ್ ಇರಬಹುದು. ಮೊದಲ ದಿನ ಕೆಂಪು ಇಳಿಯುತ್ತದೆ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳಿ ಬರುವುದಿಲ್ಲ.

ಕೆಲವು ಲಕ್ಷಣ ಕಂಡರೆ ಪರದೆಯ ದಣಿವೆಂದು ಕಾಯಬಾರದು. ಒಂದೇ ಕಣ್ಣು ಕೆಂಪಾಗಿ ನೋಯುತ್ತ ಬೆಳಕು ತಾಳದಿದ್ದರೆ, ದೃಷ್ಟಿ ಮಂಜಾದರೆ, ದೀಪದ ಸುತ್ತ ಬಣ್ಣದ ಬಳೆ ಕಂಡು ವಾಂತಿಯಾದರೆ, ಕಣ್ಣ ಮುಂದೆ ಮಿಂಚು ಹೊಳೆದು ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಾದರೆ, ಜ್ವರದೊಂದಿಗೆ ಕುತ್ತಿಗೆ ಬಿಗಿದು ಬೆಳಕು ನೋಡಲಾಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಗಂಗಾವತಿ, ಕಾರಟಗಿ ಕಡೆಯ ಭತ್ತದ ರೈತರಿಗೆ ಇನ್ನೊಂದು ಮಾತು. ಕೊಯ್ಲಿನಲ್ಲಿ ಭತ್ತದ ಗರಿ ತಾಗಿಯೋ, ಹೊಟ್ಟು ಬಿದ್ದೋ ಕಣ್ಣಿಗೆ ಗಾಯವಾದರೆ ಅದರಲ್ಲಿ ಶಿಲೀಂಧ್ರ ಬೆಳೆದು ಹುಣ್ಣಾಗಬಹುದು. ಅಲ್ಲಿ ಸ್ಟೀರಾಯ್ಡ್ ಹನಿ ಹಾಕಿದರೆ ಕಣ್ಣೇ ಹೋದೀತು.

ಇನ್ನು ಮಕ್ಕಳ ವಿಷಯ. ನಮ್ಮಂಥ ಒಣ ಬಿಸಿಲಿನ ನಾಡಿನಲ್ಲಿ ಮಕ್ಕಳಿಗೆ ಕಣ್ಣಿನ ಅಲರ್ಜಿ ಬಹಳ. ಸದಾ ಕಣ್ಣು ಉಜ್ಜುವ, ಬಿಸಿಲಲ್ಲಿ ಕಣ್ಣು ತೆರೆಯದ ಮಗುವನ್ನು ಬೈಯದೆ ವೈದ್ಯರಿಗೆ ತೋರಿಸಿ. ಉಜ್ಜಿ ಉಜ್ಜಿ ಕಾರ್ನಿಯಾದ ಆಕಾರವೇ ಕೆಡುವುದುಂಟು. ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ಸಮೀಪದೃಷ್ಟಿ ಬರುವುದು ಕಡಿಮೆ ಎಂದು ಅಧ್ಯಯನಗಳು ಹೇಳುತ್ತವೆ. ತೈವಾನಿನಲ್ಲಿ 2010ರಿಂದ ಶಾಲಾಮಕ್ಕಳನ್ನು ದಿನಕ್ಕೆ 120 ನಿಮಿಷ ಬಯಲಿಗೆ ಕಳಿಸುವ ಕಾರ್ಯಕ್ರಮವನ್ನೇ ನಡೆಸಿದ್ದಾರೆ. ಬೆಳಗಿನ, ಇಳಿಹೊತ್ತಿನ ಬೆಳಕಿನಲ್ಲಿ ನಮ್ಮ ಮಕ್ಕಳನ್ನು ಆಡಲು ಬಿಡೋಣ. ಅಳುವ ಕೂಸಿನ ಕೈಗೆ ಮೊಬೈಲ್ ಕೊಡುವ ಅಭ್ಯಾಸ ಬಿಡೋಣ.

ಕೊನೆಯದಾಗಿ, ಕೆಲಸ ಮಾಡಿಸುವವರಿಗೆ ಒಂದು ಮನವಿ. ಇಂದು ಯುರೋಪಿನ ಒಕ್ಕೂಟವಾಗಿರುವ ಅಂದಿನ ಯುರೋಪಿಯನ್ ಸಮುದಾಯ 1990ರಲ್ಲೇ ಪರದೆಯ ಮುಂದೆ ದುಡಿಯುವವರಿಗಾಗಿ ನಿಯಮ ತಂದಿತು. ಕೆಲಸದ ನಡುವೆ ಬಿಡುವು, ಕಣ್ಣಿನ ಪರೀಕ್ಷೆ, ಆ ಕೆಲಸಕ್ಕೇ ಬೇಕಾದ ಕನ್ನಡಕ, ಇವೆಲ್ಲ ಕೆಲಸ ಕೊಟ್ಟವರ ಹೊಣೆ ಎಂದು ಅದು ಹೇಳುತ್ತದೆ. ನಮ್ಮ ಕಚೇರಿ, ಪಂಚಾಯಿತಿ, ಶಾಲೆಗಳಲ್ಲಿ ಇಷ್ಟಾದರೂ ಆಗಲಿ: ಗಂಟೆಗೊಮ್ಮೆ ಐದು ನಿಮಿಷ ಏಳಲು ಅವಕಾಶ, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ, ಮಿನುಗದ ದೀಪ. ಹೊರಗೆ ನಿಂತು ಆ್ಯಪ್ ತುಂಬುವ ಹೆಣ್ಣುಮಕ್ಕಳಿಗೆ ನೆರಳು ಮತ್ತು ಅಕ್ಷರ ಕಾಣುವಂಥ ಮೊಬೈಲ್ ಸಿಗಲಿ. ಬೇಸಿಗೆಯಲ್ಲಿ ನಡುಹಗಲು ತಪ್ಪಿಸಿ, ಬೆಳಗ್ಗೆ ಅಥವಾ ಸಂಜೆ ಮಾಹಿತಿ ಏರಿಸಲು ಸಮಯ ಸಿಗಲಿ. ಆಪರೇಟರ್ ಒಬ್ಬರು ಕುರ್ಚಿ ಬಿಟ್ಟು ಬಾಗಿಲಲ್ಲಿ ನಿಂತು ಗುಡ್ಡ ನೋಡುತ್ತಿದ್ದರೆ ಅವರು ಕಾಲಹರಣ ಮಾಡುತ್ತಿಲ್ಲ, ನಾಳೆಯ ಕೆಲಸಕ್ಕೆ ಕಣ್ಣು ಉಳಿಸಿಕೊಳ್ಳುತ್ತಿದ್ದಾರೆ ಎಂದು ಮೇಲಧಿಕಾರಿಗಳು ತಿಳಿಯಲಿ.

ಕೇಳುಗರೇ, ಈ ತೊಂದರೆ ಒಂದು ದಿನದಲ್ಲಿ ಬಂದದ್ದಲ್ಲ, ಒಂದು ದಿನದಲ್ಲಿ ಹೋಗುವುದೂ ಇಲ್ಲ. ಚೆನ್ನಾಗಿರುವ ವಾರಗಳೂ ಬರುತ್ತವೆ, ಕೆಡುವ ವಾರಗಳೂ ಬರುತ್ತವೆ. ಕೆಟ್ಟ ವಾರದಲ್ಲಿ ಎದೆಗುಂದಬೇಡಿ. ಕಾವು, ಬಿಡುವು, ಬೆಳಕಿನ ಹದ, ಈ ಮೂರನ್ನು ಬಿಡಬೇಡಿ. ಮನೆಯಲ್ಲಿ ಯಾರಾದರೂ ಕಣ್ಣುರಿಯೆಂದರೆ ಮೊದಲು ಅವರನ್ನು ನಂಬಿ, ಆಮೇಲೆ ಅವರ ಜೊತೆ ಆಸ್ಪತ್ರೆಗೆ ಹೋಗಿ. ನಂಬುವವರು ಒಬ್ಬರಿದ್ದರೆ ಅರ್ಧ ಭಾರ ಇಳಿಯುತ್ತದೆ, ಉಳಿದರ್ಧಕ್ಕೆ ಚಿಕಿತ್ಸೆಯಿದೆ. ಎಲ್ಲರ ಕಣ್ಣೂ ತಂಪಾಗಿರಲಿ.